ಸೋಡಿಯಂ ಹೈಡ್ರೈಡ್‌: ಎಣ್ಣೆ ತೊಳೆದು ಹಾಕಬೇಕಾ?

ಹೊಸ ಕೆಮಿಸ್ಟ್, ಬೀದರ್:
ಔಷಧಿ ಕಂಪನಿಯ ಲ್ಯಾಬ್ ಸೇರಿ ನಾಲ್ಕು ತಿಂಗಳಾಯಿತು. ಒಂದು ಆಲ್ಕೈಲೇಷನ್‌ಗೆ (ಅಣುವಿಗೆ ಕಾರ್ಬನ್ ಗುಂಪು ಸೇರಿಸುವ ಕ್ರಿಯೆ) 60% ಸೋಡಿಯಂ ಹೈಡ್ರೈಡ್ (ಎಣ್ಣೆಯಲ್ಲಿ ಕಲಸಿದ ಬಲವಾದ ಬೇಸ್, ಅಂದರೆ ಪ್ರತ್ಯಾಮ್ಲ) ಬಳಸುತ್ತಿದ್ದೇನೆ. ಡಿಎಂಎಫ್‌ನಲ್ಲಿ (ಒಂದು ದ್ರಾವಕ) 5 ಗ್ರಾಂ ಹಾಕಿದಾಗ ಚೆನ್ನಾಗಿ ಬಂತು. ಈಗ 200 ಗ್ರಾಂ ಹಾಕಿ ದೊಡ್ಡ ಬ್ಯಾಚ್ ಮಾಡು ಅಂತಿದ್ದಾರೆ. ಹೆಕ್ಸೇನ್‌ನಲ್ಲಿ ತೊಳೆದು, ಎಣ್ಣೆ ತೆಗೆದು ಹಾಕಲಾ?

ಶಿಫ್ಟ್ ಇನ್‌ಚಾರ್ಜ್, 22 ವರ್ಷ ಪ್ಲಾಂಟ್‌ನಲ್ಲಿ:
ತೊಳೆಯಬೇಡಿ. ಉಳಿದ 40% ಮಿನರಲ್ ಆಯಿಲ್ ಇದೆಯಲ್ಲ, ಅದೇ ಅದಕ್ಕೆ ಹೊದಿಕೆ. ಎಣ್ಣೆ ಇದ್ದಾಗ ಅದು ಬೂದು ಬಣ್ಣದ ಒದ್ದೆ ಮಣ್ಣಿನ ಹಾಗಿರುತ್ತದೆ, ಧೂಳು ಏಳುವುದಿಲ್ಲ. ಎಣ್ಣೆ ಹೋದರೆ ಮಳೆಗಾಲದ ಗಾಳಿಯ ತೇವಕ್ಕೇ ಹೊತ್ತಿಕೊಳ್ಳಬಹುದು. ನಮ್ಮ ಹುಡುಗನೊಬ್ಬ ಸ್ಪ್ಯಾಚುಲಾವನ್ನು ಒದ್ದೆ ಟಿಶ್ಯೂನಲ್ಲಿ ಒರೆಸಿ ಬುಟ್ಟಿಗೆ ಹಾಕಿದ್ದ. ಅವನು ತಿರುಗುವಷ್ಟರಲ್ಲಿ ಬುಟ್ಟಿಯಲ್ಲಿ ಹಳದಿ ಜ್ವಾಲೆ. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಈಗ ಲೆಕ್ಕ ಹಾಕಿ. 200 ಗ್ರಾಂನಲ್ಲಿ ಹೈಡ್ರೈಡ್ 120 ಗ್ರಾಂ, ಅಂದರೆ 5 ಮೋಲ್. ಪೂರ್ತಿ ಕೆಲಸ ಮಾಡಿದರೆ ಸುಮಾರು 120 ಲೀಟರ್ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ 4% ಸೇರಿದರೂ ಅದು ಹೊತ್ತಿಕೊಳ್ಳುತ್ತದೆ. ನಿಮ್ಮ ಫ್ಲಾಸ್ಕ್‌ನ ವೆಂಟ್ ಎಷ್ಟು ಅಗಲ ಇದೆ, ಅದು ಎಲ್ಲಿಗೆ ಹೋಗುತ್ತದೆ, ಮೊದಲು ನೋಡಿ.

ಇನ್ನೊಂದು ಮಾತು, ಇದು ತುಂಬಾ ಮುಖ್ಯ. ಡಿಎಂಎಫ್ ಬೇಡ. ಹೈಡ್ರೈಡ್ ಡಿಎಂಎಫ್ ಜೊತೆಗೇ ಕ್ರಿಯೆ ನಡೆಸುತ್ತದೆ, 40–50 ಡಿಗ್ರಿಯಲ್ಲೇ ತಾನಾಗಿ ಬಿಸಿ ಏರಬಹುದು. 5 ಗ್ರಾಂ ಆದರೆ ಐಸ್ ಬಾತ್ ತಡೆಯುತ್ತದೆ. ಬ್ಯಾಚ್ ದೊಡ್ಡದಾದಷ್ಟೂ ಬಿಸಿ ಹೊರಗೆ ಹೋಗುವುದು ಕಷ್ಟ.

ಹೊಸ ಕೆಮಿಸ್ಟ್:
ಡಿಎಂಎಫ್ ವಿಷಯ ನನಗೆ ಯಾರೂ ಹೇಳಿರಲಿಲ್ಲ ಸರ್. ಬದಲಿಗೆ ನೀರಿನಂಶ ತೆಗೆದು ಒಣಗಿಸಿದ ಇನ್ನೊಂದು ದ್ರಾವಕ, ಟಿಎಚ್‌ಎಫ್ ಆಗುತ್ತಾ? ಕೊನೆಗೆ ಉಳಿದ ಹೈಡ್ರೈಡ್ ಕೊಲ್ಲೋದು (ನಿಷ್ಕ್ರಿಯ ಮಾಡೋದು) ಹೇಗೆ?

ಶಿಫ್ಟ್ ಇನ್‌ಚಾರ್ಜ್:
ಟಿಎಚ್‌ಎಫ್ ಆಗುತ್ತದೆ. ಮೊದಲು ಹೈಡ್ರೈಡ್ ಹಾಕಿ, ಅದರ ಮೇಲೆ ನಿಮ್ಮ ಮೆಟೀರಿಯಲ್ ದ್ರಾವಣವನ್ನು ನೈಟ್ರೋಜನ್‌ನಲ್ಲಿ ನಿಧಾನಕ್ಕೆ ಬಿಡಿ. ಗುಳ್ಳೆ ಬರುತ್ತಾ ಅಂತ ಕಣ್ಣಿಟ್ಟಿರಿ. ತಣ್ಣಗಿದೆ ಅಂತ ಗುಳ್ಳೆ ಕಾಣದೆ ಸುಮ್ನೆ ಸುರಿಯುತ್ತಾ ಹೋದರೆ ಆಮೇಲೆ ಎಲ್ಲಾ ಒಟ್ಟಿಗೆ ಏಳುತ್ತದೆ. ಉಳಿದದ್ದಕ್ಕೆ ತಣ್ಣಗೆ, ಹನಿ ಹನಿಯಾಗಿ ಐಸೋಪ್ರೊಪನಾಲ್. ನೀರು ಕಟ್ಟಕಡೆಗೆ. ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇಟ್ಟುಕೊಳ್ಳಿ, ನೀರು ಅಥವಾ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಳಸಬೇಡಿ.

ಪ್ರೊಸೆಸ್ ಸೇಫ್ಟಿ, ಮೈಸೂರು:
ಅಷ್ಟು ಬಲದ ಬೇಸ್ ಬೇಕೇ ಬೇಕಾ? ಪೊಟ್ಯಾಸಿಯಂ ಟರ್ಟ್-ಬ್ಯುಟಾಕ್ಸೈಡ್ ಹಾಕಿ ನೋಡಿದ್ದೀರಾ? ಅದರಲ್ಲಿ ಹೈಡ್ರೋಜನ್ ಬರುವುದೇ ಇಲ್ಲ.

ಹೊಸ ಕೆಮಿಸ್ಟ್:
ನೋಡಿಲ್ಲ. ನಾಳೆ ಅದೇ 5 ಗ್ರಾಂ ಸ್ಕೇಲ್‌ನಲ್ಲಿ ಹಾಕಿ ಟಿಎಲ್‌ಸಿ (ಕ್ರಿಯೆ ಎಷ್ಟು ನಡೆದಿದೆ ಅಂತ ನೋಡುವ ಪರೀಕ್ಷೆ) ತೆಗೆಯುತ್ತೇನೆ. 200 ಗ್ರಾಂ ಬ್ಯಾಚ್ ಸದ್ಯಕ್ಕೆ ನಿಲ್ಲಿಸಲು ಬಾಸ್‌ಗೆ ಹೇಳಿದ್ದೇನೆ.