ಅಪ್‌ಡೇಟ್: ಪಿಕಪ್ ಬದಲಿಸದೆಯೇ ಬೇಸ್ ಗಿಟಾರ್‌ನ ದನಿ ತೆರೆದುಕೊಂಡಿತು

ನನ್ನ ನಾಲ್ಕು ತಂತಿಯ ಬೇಸ್ ಗಿಟಾರ್‌ನ ದನಿ ಮಂಕಾಗಿದೆ, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಅಯಸ್ಕಾಂತವಿರುವ ಭಾಗ) ಬದಲಿಸಲೇ, ಪ್ರಿಆಂಪ್ (ಆ ಸಂಕೇತವನ್ನು ಬಲಪಡಿಸಿ ದನಿ ತಿದ್ದುವ ಸಾಧನ) ಹಾಕಿಸಲೇ ಎಂದು ಹಿಂದೆ ಕೇಳಿದ್ದೆ. ಮೊದಲು ತಂತಿ ನೋಡಿ ಎಂದವರಿಗೆ ಮನಸಾರೆ ಧನ್ಯವಾದ.

ಹಳೆಯ ತಂತಿ ಬಿಚ್ಚಿದಾಗ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ತಾಗುವಲ್ಲೆಲ್ಲ ಕಚ್ಚು ಬಿದ್ದಿತ್ತು, ಸುರುಳಿಯ ಸಂದುಗಳಲ್ಲಿ ಬೆವರು ಧೂಳು ಸೇರಿ ಕಪ್ಪುಗಟ್ಟಿತ್ತು. 45–105 ಅಳತೆಯ (ದಪ್ಪ, ಇಂಚಿನ ಸಾವಿರದಂಶಗಳಲ್ಲಿ) ನಿಕಲ್ ರೌಂಡ್‌ವೌಂಡ್ (ದುಂಡು ಸರಿಗೆ ಸುತ್ತಿದ) ತಂತಿ ಹಾಕಿದ ಕೂಡಲೇ ದನಿಗೆ ಹೊಳಪು ಕೊಡುವ ಮೇಲಿನ ಸ್ವರಾಂಶಗಳೆಲ್ಲ ಮರಳಿ ಬಂದವು. ಎಂಥ ಸಂತೋಷ! ಆಮೇಲೆ ಸ್ಕ್ರೂ ತಿರುಗಿಸಿ ಪಿಕಪ್ಪನ್ನು ಅತಿ ದಪ್ಪನೆಯ ಇ ತಂತಿಯ ಕಡೆ ತುಸು ಇಳಿಸಿದೆ. ಅಯಸ್ಕಾಂತ ತೀರ ಹತ್ತಿರವಿದ್ದರೆ ತಂತಿಯ ಕಂಪನವನ್ನೇ ಎಳೆದು ಹಿಡಿಯುತ್ತದೆ. ಶ್ರುತಿ ಕದಡುತ್ತದೆ, ನಾದ ಬೇಗ ಅಡಗುತ್ತದೆ.

ಗಿಟಾರ್‌ನ ಒಳಗೆ ಪ್ರಿಆಂಪ್ ಕೂರಿಸಲಿಲ್ಲ, ಕಾಲಿನಿಂದ ಒತ್ತುವ ಪೆಡಲ್ ರೂಪದ್ದನ್ನು ತಂದೆ. ಇ ತಂತಿಯ ಮೂಲಸ್ವರ ಸುಮಾರು 41 ಹರ್ಟ್ಸ್. ಅದನ್ನೇ ಏರಿಸಿದರೆ ಸಣ್ಣ ಸ್ಪೀಕರ್ ಬರಿದೇ ಒದ್ದಾಡುತ್ತದೆ. 80 ಹರ್ಟ್ಸ್‌ನ ಆಸುಪಾಸು ಸ್ವಲ್ಪ ಎತ್ತಿದ್ದೇ ಸರಿಹೋಯಿತು. ಬೆಳಗಾವಿಯ ಗಣೇಶೋತ್ಸವದಲ್ಲಿ ಢೋಲು ತಾಶೆಗಳ ಸದ್ದಿನ ನಡುವೆಯೂ ನನ್ನ ಸ್ವರ ಬಿಡಿಯಾಗಿ ಕೇಳಿಸಿತೆಂದು ನಮ್ಮ ತಂಡದ ಗಾಯಕಿಯೇ ಹೇಳಿದರು.

ಪಿಕಪ್ ಹಳೆಯದೇ ಇರಲಿ. ಅದರ ಗುಂಯ್‌ಗುಡುವಿಕೆ ಮಾತ್ರ ಉಳಿದಿದೆ. ಅದನ್ನು ತಗ್ಗಿಸಲು ಪಿಕಪ್ ಕೂರುವ ಒಳಗುಳಿಗೆ ತಾಮ್ರದ ಹಾಳೆ ಅಂಟಿಸಿ ಸರ್ಕ್ಯೂಟ್‌ನ ಗ್ರೌಂಡ್‌ಗೆ ಬೆಸೆಯುವುದು ಮುಂದಿನ ಕೆಲಸ.