ಮೊಂಬಾಸಾದಲ್ಲಿ ನಿಂತ ಅಗರಬತ್ತಿ, ಮತ್ತು ಆ ಟಿಎಫ್‌ಎ ಒಪ್ಪಂದ

ಪ್ರಶ್ನೆ (ಮೈಸೂರಿನಿಂದ): ನಮಸ್ಕಾರ ಸರ್. ನಮ್ಮದು ಸಣ್ಣ ಅಗರಬತ್ತಿ ಘಟಕ. ಮೊದಲ ಸಲ ಉಗಾಂಡಾದ ಕಂಪಾಲಾಕ್ಕೆ 160 ಕಾರ್ಟನ್ ಕಳಿಸಿದ್ದೇವೆ. ಇಲ್ಲಿಂದ ವೈಟ್‌ಫೀಲ್ಡ್ ಡಿಪೋ, ಅಲ್ಲಿಂದ ಚೆನ್ನೈ, ಆಮೇಲೆ ಹಡಗಲ್ಲಿ ಕೆನ್ಯಾದ ಮೊಂಬಾಸಾ. ಅಲ್ಲಿವರೆಗೆ ಎಲ್ಲ ಸಲೀಸು. ಈಗ 11 ದಿನದಿಂದ ಮೊಂಬಾಸಾದಲ್ಲೇ ನಿಂತಿದೆ. ಖರೀದಿದಾರರ ಕಸ್ಟಮ್ಸ್ ಏಜೆಂಟ್ ಒಂದು ದಿನ ದಾಖಲೆ ಸರಿ ಇಲ್ಲ ಅಂತಾರೆ, ಮರುದಿನ ದಂಡ ಕಟ್ಟಬೇಕು ಅಂತಾರೆ, ಯಾವುದಕ್ಕೆ ಅಂತ ಕೇಳಿದರೆ ಫೋನ್ ಎತ್ತಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ಟಿಎಫ್‌ಎ, ಅಂದರೆ ವ್ಯಾಪಾರ ಸುಗಮಗೊಳಿಸುವ ಒಪ್ಪಂದ ಬಂದ ಮೇಲೆ ಬಡ ದೇಶಗಳಲ್ಲೂ ಕಸ್ಟಮ್ಸ್ ಸುಲಭ ಆಗಿದೆ ಅಂತ ಒಂದು ತರಬೇತಿಯಲ್ಲಿ ಹೇಳಿದ್ದರು. ಎಲ್ಲಿ ಸುಲಭ ಆಗಿದೆ ಸರ್?

ಉತ್ತರ: ಮೇಡಂ, ಒಪ್ಪಂದದ ಮಾತು ಆಮೇಲೆ. ಮೊದಲು ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ (ಬಿ.ಎಲ್., ಹಡಗಿನವರು ಕೊಡುವ ಸರಕಿನ ರಸೀದಿ), ಈ ಮೂರರ ಫೋಟೋ ಹಾಕಿ. ಹೆಸರು, ಬ್ಯಾಂಕ್ ವಿವರ ಮುಚ್ಚಿ ಹಾಕಿ.

ಪ್ರಶ್ನೆ: ಹಾಕಿದ್ದೇನೆ ಸರ್.

ಉತ್ತರ: ನೋಡಿದೆ. ರೋಗ ಇಲ್ಲೇ ಇದೆ, ಮೊಂಬಾಸಾದಲ್ಲಿ ಅಲ್ಲ. ನಿಮ್ಮ ಪ್ಯಾಕಿಂಗ್ ಲಿಸ್ಟ್‌ನಲ್ಲಿ ಒಟ್ಟು ತೂಕ 1,840 ಕೆಜಿ. 160 ಕಾರ್ಟನ್, ತಲಾ 11.5 ಕೆಜಿ, ಲೆಕ್ಕ ಸರಿಯಾಗಿದೆ. ಬಿ.ಎಲ್.ನಲ್ಲಿ 1,480 ಅಂತಿದೆ. ಟೈಪ್ ಮಾಡಿದವರು ನಾಲ್ಕು, ಎಂಟು ಅದಲು ಬದಲು ಮಾಡಿದ್ದಾರೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಇನ್‌ವಾಯ್ಸ್‌ನಲ್ಲಿ ಅಗರಬತ್ತಿ ಅಂತ ಬರೆದು 3307.41 ಅನ್ನೋ ಸುಂಕದ ಕೋಡ್ ಹಾಕಿದ್ದೀರಿ, ಅದು ಸರಿ. ಬಿ.ಎಲ್.ನಲ್ಲಿ ಮಾತ್ರ ‘ಪರ್ಫ್ಯೂಮರಿ ಗೂಡ್ಸ್’ ಅಂತಿದೆ. ಅಲ್ಲಿನ ಕಂಪ್ಯೂಟರಿಗೆ ಹೋಗುವುದು ಹಡಗಿನವರು ಕೊಟ್ಟ ಪಟ್ಟಿ, ಅಂದರೆ ಮ್ಯಾನಿಫೆಸ್ಟ್. ಅದು ಬಿ.ಎಲ್. ನೋಡಿಯೇ ತಯಾರಾಗಿರುತ್ತದೆ. ಖರೀದಿದಾರರು ಹೇಳುವುದು ಅಗರಬತ್ತಿ, ಹಡಗಿನವರು ಹೇಳುವುದು ಸೆಂಟು, ತೂಕದಲ್ಲಿ 360 ಕೆಜಿ ವ್ಯತ್ಯಾಸ. ಯಾವ ಅಧಿಕಾರಿಯಾದರೂ ನಿಲ್ಲಿಸುತ್ತಾನೆ, ನಾನಾದರೂ ನಿಲ್ಲಿಸುತ್ತಿದ್ದೆ.

ಬಿ.ಎಲ್. ಡ್ರಾಫ್ಟ್ ನಿಮಗೆ ಮೇಲ್‌ನಲ್ಲಿ ಬಂದಿರುತ್ತದೆ, ನೀವು ಓದದೆ ಓಕೆ ಅಂದಿರುತ್ತೀರಿ. ಬೇಜಾರು ಮಾಡ್ಕೋಬೇಡಿ, ಹತ್ತರಲ್ಲಿ ಎಂಟು ಜನ ಹಾಗೇ ಮಾಡುವುದು.

ಇವತ್ತೇ ಎರಡು ಕೆಲಸ ಮಾಡಿ. ಒಂದು, ಫಾರ್ವರ್ಡರ್‌ಗೆ (ಸಾಗಣೆ ವ್ಯವಸ್ಥೆ ಮಾಡಿದವರಿಗೆ) ಹೇಳಿ ತಿದ್ದುಪಡಿ ಪತ್ರ ಮಾಡಿಸಿ, ಹಡಗಿನವರ ಮೊಂಬಾಸಾ ಕಚೇರಿ ಅಲ್ಲಿನ ಕಸ್ಟಮ್ಸ್‌ನಲ್ಲಿ ಮ್ಯಾನಿಫೆಸ್ಟ್ ತಿದ್ದಿಸಲಿ. ಎರಡನೆಯದು ದಂಡದ ವಿಷಯ, ನಿಮ್ಮ ಒಪ್ಪಂದ ಕೆಲಸಕ್ಕೆ ಬರುವುದು ಇಲ್ಲೇ. ಅದರ 6ನೇ ವಿಧಿ ಪ್ರಕಾರ ದಂಡ ಹಾಕಿದರೆ ಯಾವ ತಪ್ಪಿಗೆ, ಯಾವ ಕಾನೂನಿನಡಿ, ಎಷ್ಟು ಅಂತ ಬರವಣಿಗೆಯಲ್ಲಿ ಕೊಡಬೇಕು. ದಂಡ ತಪ್ಪಿಗೆ ತಕ್ಕಷ್ಟೇ ಇರಬೇಕು. ಅವರು ಹಿಡಿಯುವ ಮೊದಲೇ ನೀವಾಗಿ ತಪ್ಪು ಒಪ್ಪಿಕೊಂಡರೆ ಅದನ್ನೂ ಗಣನೆಗೆ ತಗೊಂಡರೆ ಒಳ್ಳೆಯದು ಅಂತಿದೆ, ಆದರೆ ನಿಮ್ಮ ಕೇಸಲ್ಲಿ ಆ ಸಮಯ ದಾಟಿದೆ. ಏಜೆಂಟರ ಹತ್ತಿರ ಆ ನೋಟಿಸಿನ ಪ್ರತಿ ಕೇಳಿ ಅಂತ ಖರೀದಿದಾರರಿಗೆ ಹೇಳಿ. ಬಾಯಿಮಾತಿನ ದಂಡ ಎಷ್ಟೋ ಸಲ ನೋಟಿಸ್ ಕೇಳಿದ ತಕ್ಷಣ ಮಾಯ ಆಗಿದ್ದನ್ನು ನೋಡಿದ್ದೇನೆ. ಬಂದರಿನ ಬಾಡಿಗೆ, ಕಂಟೇನರ್ ಡೆಮರೇಜ್ (ತಡವಾದದ್ದಕ್ಕೆ ಕಟ್ಟುವ ಶುಲ್ಕ) ಬೇರೆ ವಿಷಯ. ಅದು ದಂಡ ಅಲ್ಲ, ಅದಕ್ಕೆ ಈ ವಿಧಿ ಹಿಡಿದು ಜಗಳ ಆಡೋಕೆ ಆಗಲ್ಲ.

ಪ್ರಶ್ನೆ (ಹಾಸನದಿಂದ): ನಡುವೆ ಬಾಯಿ ಹಾಕುತ್ತಿದ್ದೇನೆ ಸರ್. ಈ ಟಿಎಫ್‌ಎಯಲ್ಲಿ ಬಡ ದೇಶಗಳಿಗೆ ವಿನಾಯಿತಿ ಇದೆಯಂತಲ್ಲ? ಹಾಗಿದ್ದರೆ ಉಗಾಂಡಾದವರು ‘ನಮಗೆ ಇದು ಅನ್ವಯಿಸಲ್ಲ’ ಅಂದುಬಿಟ್ಟರೆ?

ಉತ್ತರ: ಒಳ್ಳೆ ಪ್ರಶ್ನೆ. ಇದರಲ್ಲಿ ಸುಂಕ ಇಳಿಸುವ ಮಾತೇ ಇಲ್ಲ, ಅದನ್ನು ಮೊದಲು ತಲೆಯಿಂದ ತೆಗೆಯಿರಿ. ಇರುವುದೆಲ್ಲ ಕಾಗದ ಮತ್ತು ಕಾಯುವಿಕೆ: ನಿಯಮಗಳನ್ನು ಇಂಟರ್ನೆಟ್‌ನಲ್ಲಿ ಹಾಕಿ, ಮಾಲು ಬರುವ ಮೊದಲೇ ದಾಖಲೆ ಪರಿಶೀಲಿಸಿ, ಎಲ್ಲ ಪೆಟ್ಟಿಗೆ ಬಿಚ್ಚಬೇಡಿ, ಅನುಮಾನ ಇದ್ದದ್ದನ್ನು ಮಾತ್ರ ಬಿಚ್ಚಿ, ಹೀಗೆ. 2013ರ ಡಿಸೆಂಬರಿನಲ್ಲಿ ಬಾಲಿಯಲ್ಲಿ ಒಪ್ಪಿಗೆ ಆಯಿತು. 2014ರ ಜುಲೈನಲ್ಲಿ ಭಾರತವೇ ಅಡ್ಡ ನಿಂತಿತು, ಸರ್ಕಾರ ಧಾನ್ಯ ದಾಸ್ತಾನು ಮಾಡುವ ವಿಷಯ ಮೊದಲು ಬಗೆಹರಿಯಲಿ ಅಂತ. ಆ ನವೆಂಬರಿನಲ್ಲಿ ಗಂಟು ಬಿಚ್ಚಿತು. ನಾವು 2016ರ ಏಪ್ರಿಲಿನಲ್ಲಿ ಅನುಮೋದಿಸಿದೆವು. ಜಾರಿಗೆ ಬಂದದ್ದು 2017ರ ಫೆಬ್ರವರಿ 22ಕ್ಕೆ.

ವಿನಾಯಿತಿ ಅಂದಿರಲ್ಲ, ಅದು ಪೂರ್ತಿ ವಿನಾಯಿತಿ ಅಲ್ಲ. ಹಿಂದುಳಿದ ದೇಶ ಪ್ರತಿ ನಿಯಮವನ್ನೂ ತಾನೇ ಎ, ಬಿ, ಸಿ ಅಂತ ವಿಂಗಡಿಸಬೇಕು. ಎ ಅಂದರೆ ಈಗಲೇ ಮಾಡುತ್ತೇವೆ (ಉಗಾಂಡಾದಂಥ ತೀರಾ ಹಿಂದುಳಿದ ದೇಶಗಳಿಗೆ ಒಂದು ವರ್ಷ ಜಾಸ್ತಿ). ಬಿ ಅಂದರೆ ಟೈಮ್ ಕೊಡಿ, ಮಾಡುತ್ತೇವೆ. ಸಿ ಅಂದರೆ ಟೈಮೂ ಕೊಡಿ, ದುಡ್ಡು, ತರಬೇತಿ, ಯಂತ್ರವೂ ಕೊಡಿ, ಆಮೇಲೆ ಮಾಡುತ್ತೇವೆ. ಸಿ ಪಟ್ಟಿಯ ಸಾಮರ್ಥ್ಯ ಬರುವ ತನಕ ಆ ನಿಯಮ ಪಾಲಿಸಲೇಬೇಕು ಅಂತ ಒತ್ತಾಯಿಸುವ ಹಾಗಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಬೇರೆ ಒಪ್ಪಂದಗಳಲ್ಲಿ ‘ಸಹಾಯ ಮಾಡುತ್ತೇವೆ’ ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಇಲ್ಲಿ ಸಹಾಯವನ್ನೇ ಷರತ್ತಿಗೆ ಕಟ್ಟಿ ಹಾಕಿದ್ದಾರೆ. ನನಗೆ ಈ ಒಪ್ಪಂದದಲ್ಲಿ ನಿಜಕ್ಕೂ ಇಷ್ಟವಾದದ್ದು ಇದೊಂದೇ. ಭಾರತ ಎ ಮತ್ತು ಬಿ ಮಾತ್ರ ತಗೊಂಡಿತು, ಸಿ ಕೇಳಲಿಲ್ಲ.

ಯಾವ ದೇಶ ಯಾವುದನ್ನು ಯಾವ ತಾರೀಕಿಗೆ ಒಪ್ಪಿದೆ ಅನ್ನುವುದು ಟಿಎಫ್‌ಎ ಡೇಟಾಬೇಸ್‌ನಲ್ಲಿ ಯಾರು ಬೇಕಾದರೂ ನೋಡಬಹುದು, ಪುಕ್ಕಟೆ. ದಂಡದ ವಿಧಿ ಆ ದೇಶದಲ್ಲಿ ಜಾರಿಗೆ ಬಂದಿದೆಯಾ ಅಂತ ನೋಡಿಕೊಂಡೇ ಪತ್ರ ಬರೆಯಿರಿ. ಸುಮ್ನೆ ‘ಡಬ್ಲ್ಯುಟಿಒ ನಿಯಮ’ ಅಂತ ಹೆದರಿಸಿದರೆ ಅವರು ನಕ್ಕು ಬದಿಗಿಡುತ್ತಾರೆ.

ಇನ್ನು ಮೇಡಂ ಕೇಳಿದ್ದು, ಎಲ್ಲಿ ಸುಲಭ ಆಗಿದೆ ಅಂತ. ಆಗಿದೆ, ಆದರೆ ಎಲ್ಲದಕ್ಕೂ ಟಿಎಫ್‌ಎ ಕಾರಣ ಅಲ್ಲ. ಉಗಾಂಡಾ ಕಸ್ಟಮ್ಸ್ ಓಡುವುದು ಅಸಿಕುಡಾ ಅನ್ನೋ ಸಾಫ್ಟ್‌ವೇರ್ ಮೇಲೆ. ವಿಶ್ವಸಂಸ್ಥೆಯ ವ್ಯಾಪಾರ ವಿಭಾಗ ಅಂಕ್ಟಾಡ್ ಮಾಡಿದ್ದು, ನೇಪಾಳ, ಬಾಂಗ್ಲಾ, ಶ್ರೀಲಂಕಾದಲ್ಲೂ ಅದೇ. 2014ರಿಂದ ಪೂರ್ವ ಆಫ್ರಿಕಾದವರು ಒಂದೇ ಕಸ್ಟಮ್ಸ್ ಪ್ರದೇಶದ ವ್ಯವಸ್ಥೆ ಮಾಡಿಕೊಂಡರು. ಹಾಗಾಗಿ ಸಾಮಾನ್ಯವಾಗಿ ಉಗಾಂಡಾದ ಸುಂಕ ಕಟ್ಟಿದ ಮೇಲೇ ಮಾಲು ಮೊಂಬಾಸಾ ಬಿಡುತ್ತದೆ, ದಾರಿಯಲ್ಲಿ ಮತ್ತೆ ಲೆಕ್ಕ ಇಲ್ಲ. ಗಡಿಯ ಬುಸಿಯಾದಲ್ಲಿ ಮೊದಲು ಲಾರಿಯವರು ಕೆನ್ಯಾ ಕಡೆ ಒಂದು ಕ್ಯೂ, ದಾಟಿ ಉಗಾಂಡಾ ಕಡೆ ಅದೇ ಕಾಗದ ಹಿಡಿದು ಇನ್ನೊಂದು ಕ್ಯೂ ನಿಲ್ಲುತ್ತಿದ್ದರು. ಈಗ ಎರಡೂ ದೇಶದ ಅಧಿಕಾರಿಗಳು ಒಂದೇ ಕಟ್ಟಡದಲ್ಲಿ ಕೂರುತ್ತಾರೆ, ಒಂದೇ ಕಡೆ ನಿಂತರೆ ಸಾಕು. ಹೊರದೇಶಗಳ ನೆರವಿನಿಂದ ಕಟ್ಟಿದ್ದು, 2018ರಲ್ಲಿ ಉದ್ಘಾಟನೆ ಆಯಿತು. ಇಷ್ಟೆಲ್ಲ ಇದ್ದೂ ಬಿ.ಎಲ್. ತಪ್ಪಿದ್ದರೆ ಮಾಲು ಬಂದರನ್ನೇ ಬಿಡಲ್ಲ.

ಪ್ರಶ್ನೆ (ಹುಬ್ಬಳ್ಳಿಯಿಂದ): ಸಾಗಿಸುವ ಮೊದಲಿನ ತಪಾಸಣೆಯನ್ನು ಟಿಎಫ್‌ಎ ನಿಷೇಧಿಸಿದೆ ಅಂತ ಓದಿದ್ದೆ. ಆದರೂ ಕೆನ್ಯಾದವರು ನಮ್ಮ ಹತ್ತಿರ ಸರ್ಟಿಫಿಕೇಟ್ ಕೇಳ್ತಾರಲ್ರೀ?

ಉತ್ತರ: ಅರ್ಧ ಓದಿದ್ದೀರಿ ಸರ್. ನಿಷೇಧ ಇರುವುದು ಸುಂಕದ ಕೋಡ್ ಮತ್ತು ಬೆಲೆ ನಿರ್ಧರಿಸುವ ತಪಾಸಣೆಗೆ. ಕೆನ್ಯಾದವರು ಕೇಳುವುದು ಮಾಲು ಅವರ ಗುಣಮಟ್ಟಕ್ಕೆ ಸರಿ ಇದೆಯಾ ಅನ್ನುವ ಪಿವಿಒಸಿ. ಉಗಾಂಡಾದಲ್ಲೂ ಅಂಥದ್ದೇ ಇದೆ. ಅದಕ್ಕೆ ಈ ನಿಷೇಧ ತಟ್ಟಲ್ಲ. ನಿಮ್ಮ ಸರಕು ಅವರ ಪಟ್ಟಿಯಲ್ಲಿ ಬರುತ್ತದಾ ಅಂತ ಬುಕಿಂಗ್ ಮಾಡುವ ಮೊದಲೇ ಖರೀದಿದಾರರ ಕೈಲಿ ನೋಡಿಸಿ. ಹಡಗು ಹತ್ತಿದ ಮೇಲೆ ಪರದಾಡಬೇಡಿ.

ಪ್ರಶ್ನೆ (ಹಾಸನದಿಂದ): ಏಜೆಂಟ್ ಇಲ್ಲದೆ ನಾವೇ ಮಾಡಿಕೊಳ್ಳಬಹುದಾ?

ಉತ್ತರ: ನಾನೂ ಏಜೆಂಟನೇ, ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಂಡ ಹಾಗಾಯಿತು, ಇರಲಿ. ನಮ್ಮಲ್ಲಿ ಕಸ್ಟಮ್ಸ್ ಜಾಲತಾಣ ಐಸ್‌ಗೇಟ್‌ನಲ್ಲಿ ನೋಂದಾಯಿಸಿ ಶಿಪ್ಪಿಂಗ್ ಬಿಲ್ (ರಫ್ತು ಘೋಷಣೆ) ನೀವೇ ಹಾಕಬಹುದು, ದಾಖಲೆ ಇ-ಸಂಚಿತ್‌ನಲ್ಲಿ ಏರಿಸಬಹುದು. ಟಿಎಫ್‌ಎ ಕೂಡ ಏಜೆಂಟರನ್ನು ಹೊಸದಾಗಿ ಕಡ್ಡಾಯ ಮಾಡಬೇಡಿ ಅನ್ನುತ್ತದೆ. ಆದರೆ ವರ್ಷಕ್ಕೆ ಮೂರು ನಾಲ್ಕು ಸಲ ಕಳಿಸುವವರು ಅದನ್ನು ಕಲಿಯುವ ಹೊತ್ತಿಗೆ ವರ್ಷ ಮುಗಿದಿರುತ್ತದೆ.

ಪ್ರಶ್ನೆ (ಮೈಸೂರಿನಿಂದ, ಎರಡು ದಿನದ ನಂತರ): ಸರ್, ತಿದ್ದುಪಡಿ ಪತ್ರ ಹೋಯಿತು, ಮ್ಯಾನಿಫೆಸ್ಟ್ ಸರಿ ಆಗಿದೆಯಂತೆ. ನೋಟಿಸ್ ಕೊಡಿ ಅಂದ ಮೇಲೆ ಏಜೆಂಟ್ ದಂಡದ ಮಾತೇ ಎತ್ತಿಲ್ಲ. ಆದರೆ ಫಾರ್ವರ್ಡರ್ ತಿದ್ದುಪಡಿ ಶುಲ್ಕ ನನ್ನ ಲೆಕ್ಕಕ್ಕೆ ಹಾಕಿದ್ದಾರೆ. ಡ್ರಾಫ್ಟ್‌ಗೆ ಓಕೆ ಅಂದಿದ್ದು ನೀವೇ ಅಲ್ವಾ ಅಂತಾರೆ.

ಉತ್ತರ: ಟೈಪ್ ಮಾಡಿದ್ದು ಅವರೇ ಅಲ್ವಾ! ನೀವು ಕಳಿಸಿದ ಪ್ಯಾಕಿಂಗ್ ಲಿಸ್ಟ್‌ನಲ್ಲಿ 1,840 ಇತ್ತು ಅನ್ನುವ ಮೇಲ್ ತೋರಿಸಿ, ಅರ್ಧರ್ಧ ಹಂಚಿಕೊಳ್ಳಿ ಅಂತ ಕೇಳಿ. ಪೂರ್ತಿ ಬಿಡಲ್ಲ, ಅರ್ಧಕ್ಕೆ ಬರುತ್ತಾರೆ.