ಈ ವಾರದ ಸಮಸ್ಯೆ: ಏಳನೆಯ ಹೆಜ್ಜೆಯಲಿ ಎಲ್ಲ ಒಂಬತ್ತು

ಸಾಧನಕೇರಿ:
ಎಲ್ಲರಿಗೂ ನಮಸ್ಕಾರ. ಮೇಲಿನದು ನಾಲ್ಕನೇ ಸಾಲು. ಮೊದಲ ಮೂರು ನಿಮ್ಮವು. ಚೌಪದಿ, ಐದೈದು ಮಾತ್ರೆಯ ಗಣ. ಎರಡನೇ ಅಕ್ಷರ 'ಳ', ಪ್ರಾಸ ಬಿಡಬೇಡಿ. ಸುಳಿವು ಈಗಲೇ ಕೊಡುವುದಿಲ್ಲ.

ಏಲಕ್ಕಿ ಹಾವೇರಿ:
ಬಾಳ ಸಂಗಾತಿ ಕೈ ಹಿಡಿದು ನಡೆಯುವ ಹೊತ್ತು
ಮೇಳದವರೂದಿದರು ಶಹನಾಯಿ ಇಂಪು
ಹೇಳಲಾರದ ಸುಖಕೆ ರಸಗಳೆಷ್ಟೆಂದಿರೋ
ಏಳನೆಯ ಹೆಜ್ಜೆಯಲಿ ಎಲ್ಲ ಒಂಬತ್ತು

ಸಪ್ತಪದಿ ಅಂತ ಹಿಡಿದೆ ಸರ್. ಒಂಬತ್ತು ಅಂದರೆ ನವರಸ.

ಸಾಧನಕೇರಿ:
ಚೆಂದ ಆಗಿದೆ ತಂಗಿ. 'ಎಷ್ಟೆಂದಿರೋ' ಅಂತ ಕೇಳಿ ಕೊನೇ ಸಾಲಿಗೆ ಬಾಗಿಲು ತೆಗೆದದ್ದು ಬಹಳ ಹಿಡಿಸಿತು. ನನ್ನ ಮನಸ್ಸಿನಲ್ಲಿ ಇದ್ದದ್ದು ಮಾತ್ರ ಒಂದು ಸಂಖ್ಯೆ.

ಬೆಟಗೇರಿ ಮಾಸ್ತರ:
ಸಂಖ್ಯೆ ಅಂದ ಕೂಡಲೇ ಹೊಳೆಯಿತು. ಹುಬ್ಬಳ್ಳಿ ಬಸ್ಸಿನಲ್ಲಿ ಟಿಕೆಟ್ ಹಿಂದೆ ಬರೆದದ್ದು:

ಮೇಳ ಕಟ್ಟಿದವೊಂದು ನಾಲ್ಕೆರಡು ಎಂಟೈದು
ಏಳು ಕೂಡಿದರಾರು ಜನದ ಕೋಲಾಟ
ತಾಳ ತಪ್ಪದೆ ಆರು ಸುತ್ತು ತಿರುಗುತ ಬಂದು
ಏಳನೆಯ ಹೆಜ್ಜೆಯಲಿ ಎಲ್ಲ ಒಂಬತ್ತು

ಸಂಖ್ಯೆ 1,42,857. ಎರಡರಿಂದ ಗುಣಿಸಿದರೆ 2,85,714. ಆರರಿಂದ ಗುಣಿಸಿದರೆ 8,57,142. ಆರರವರೆಗೂ ಅದೇ ಅಂಕಿಗಳು, ಅದೇ ಸಾಲು, ಶುರುವಾಗುವ ಜಾಗ ಮಾತ್ರ ಬೇರೆ. ಏಳಕ್ಕೆ ಬಂದರೆ 9,99,999!

ಏಲಕ್ಕಿ ಹಾವೇರಿ:
ಸರ್, ಒಂದು ಸಂಶಯ. ಕೋಲಾಟದವರು ಒಂದೊಂದೇ ಮನೆ ಜರುಗುತ್ತಾರೆ. ಇಲ್ಲಿ ಎರಡರಿಂದ ಗುಣಿಸಿದಾಗ ಎರಡು ಮನೆ ಜರುಗಿದೆ ಅಲ್ವಾ?

ಬೆಟಗೇರಿ ಮಾಸ್ತರ:
ಸರಿಯಾಗಿ ಹಿಡಿದೆ ತಂಗಿ. ಒಂದೇ ಮನೆ ಜರುಗಬೇಕಾದರೆ ಮೂರರಿಂದ ಗುಣಿಸಬೇಕು: 4,28,571. ಕಾರಣ ಭಾಗಾಕಾರದಲ್ಲಿದೆ. ಒಂದನ್ನು ಏಳರಿಂದ ಭಾಗಿಸುತ್ತಾ ಹೋಗು. ಹತ್ತರಲ್ಲಿ ಏಳು ಒಂದು ಸಲ, ಶೇಷ 3. ಮೂವತ್ತರಲ್ಲಿ ನಾಲ್ಕು ಸಲ, ಶೇಷ 2. ಆಮೇಲೆ 6, 4, 5, ತಿರುಗಿ 1. ಸೊನ್ನೆ ಬಿಟ್ಟು ಏಳಕ್ಕೆ ಇರುವ ಆರೂ ಶೇಷಗಳು ಒಂದೊಂದು ಸಲ ಬಂದು ಹೋದವು. ಅದಕ್ಕೇ ದಶಮಾಂಶದಲ್ಲಿ 142857 ಮುಗಿಯದೆ ಸುತ್ತುತ್ತಲೇ ಇರುತ್ತದೆ. 1ರ ಬದಲು 3ನ್ನು ಭಾಗಿಸಿದರೆ ಅದೇ ಸುತ್ತಿಗೆ ಒಂದು ಮನೆ ಮುಂದಿನಿಂದ ಸೇರಿಕೊಂಡ ಹಾಗೆ. ಪದ್ಯದಲ್ಲಿ ಬರೀ 'ತಿರುಗುತ' ಅಂದಿದ್ದೇನೆ, ಒಂದೊಂದೇ ಮನೆ ಅಂದಿಲ್ಲ. ಹಾಗಾಗಿ ತಿದ್ದುವುದಿಲ್ಲ.

ಸಾಧನಕೇರಿ:
ತಿದ್ದಬೇಡಿ ಮಾಸ್ತರ, ಕೋಲಾಟಕ್ಕಿಂತ ಒಳ್ಳೆಯ ಹೋಲಿಕೆ ಇದಕ್ಕೆ ಸಿಗಲಾರದು. ಆಟ ಏಳಕ್ಕೇ ನಿಲ್ಲುವುದೂ ಇಲ್ಲ. ಎಂಟರಿಂದ ಗುಣಿಸಿದರೆ 11,42,856. ಮೊದಲ 1 ತೆಗೆದು ಕೊನೆಯ 6ಕ್ಕೆ ಕೂಡಿಸಿ, ಹಳೇ ಮೇಳ ಮತ್ತೆ ನಿಂತಿರುತ್ತದೆ.

ಈ ಸಂಖ್ಯೆಯ ನೆಂಟನೊಬ್ಬ ನಮ್ಮ ನಾಡಿನ ಹಳೆಯ ಗಣಿತದಲ್ಲೇ ಇದ್ದಾನೆ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ 14,28,57,143ನ್ನು ಏಳರಿಂದ ಗುಣಿಸುವ ಲೆಕ್ಕ ಕೊಟ್ಟಿದ್ದಾರೆ. ಉತ್ತರ 1,00,00,00,001. ಎರಡು ತುದಿಗೆ ಒಂದೊಂದು, ನಡುವೆ ಎಂಟು ಸೊನ್ನೆ. ಯಾವ ಕಡೆಯಿಂದ ಓದಿದರೂ ಒಂದೇ. ಇಂಥ ಉತ್ತರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. ಒಂದೊಂದು ಸೊನ್ನೆಯೂ ಪೋಣಿಸಿದ ಮುತ್ತಿನ ಹಾಗೇ ಕಾಣುತ್ತದೆ ನೋಡಿ.

ಏಲಕ್ಕಿ ಹಾರ ಕಟ್ಟುವ ಊರಿನವಳು ನೀನು ತಂಗಿ, ಮುಂದಿನ ವಾರ ಮೊದಲ ಪೂರಣ ನಿನ್ನದೇ ಬರಲಿ. ಪ್ರಾಸ 'ರ'. ಕೊನೆಯ ಸಾಲು:

ನೂರು ಕೋಟಿಗೆ ಒಂದು ಕೂಡಿದರೆ ಹಾರ